ಬಾವಿಯ ಮೇಲೆ ಬಂದ ರಸ್ತೆ

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯನ್ನು ಅಗಲ ಮಾಡುವವರು ನಮ್ಮ ಹಿಪ್ಪುನೇರಳೆ ತೋಟದಲ್ಲಿ ಗುರುತಿನ ಕಲ್ಲು ನೆಟ್ಟ ದಿನ, ಮನೆಯಲ್ಲಿ ರೇಷ್ಮೆಹುಳುಗಳು ಕೊನೆಯ ಜ್ವರ ಬಿಟ್ಟು ಎದ್ದಿದ್ದವು. ಪೊರೆ ಕಳಚುವ ಮುಂಚೆ ಹುಳು ಮೇವು ಬಿಟ್ಟು ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಎದ್ದ ಮೇಲೆ ಅವುಗಳ ಹಸಿವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಸೊಪ್ಪಿಗೆಂದು ಹೋದ ನಾನು ಕಲ್ಲು ನೋಡಿ ನಿಂತುಬಿಟ್ಟೆ. ಕಲ್ಲಿನಿಂದ ರಸ್ತೆಯವರೆಗಿನ ನೆಲವೆಲ್ಲ ಸರ್ಕಾರಕ್ಕೆ. ನಮ್ಮ ಬಾವಿ ಅದರೊಳಗೇ ಇತ್ತು.

ನಾನು ಹುಟ್ಟಿದ್ದು ಯಳಂದೂರಿನ ಗದ್ದೆ ಬಯಲಿನಲ್ಲಿ. ಅಲ್ಲಿ ಕೆರೆ ತುಂಬಿದರೆ ಊರೆಲ್ಲ ನಿಶ್ಚಿಂತೆ. ಮದುವೆಯಾಗಿ ಮಧುವನಹಳ್ಳಿಗೆ ಬಂದ ಮೇಲೆಯೇ ಒಂದು ಬಾವಿಯನ್ನು ನಂಬಿ ಎರಡು ಮನೆಗಳು ಬದುಕುವುದನ್ನು ಕಂಡೆ. ಬಾವಿ ಇದ್ದದ್ದು ನಮ್ಮ ಜಮೀನಿನಲ್ಲಿ, ಪಹಣಿ ನನ್ನ ಗಂಡನ ಹೆಸರಿನಲ್ಲಿ. ಆದರೆ ಪಕ್ಕದ ಹೊಲದ ನನ್ನ ಮೈದುನ, ಅಂದರೆ ಗಂಡನ ಚಿಕ್ಕಪ್ಪನ ಮಗ, ಸರದಿಯ ಮೇಲೆ ಅದೇ ನೀರು ಕಟ್ಟುತ್ತಿದ್ದ. ಹಿರಿಯರು ಬಾಯಿಮಾತಿನಲ್ಲಿ ಮಾಡಿಟ್ಟ ಏರ್ಪಾಡು. ಅವನ ಜಮೀನು ರಸ್ತೆಯಿಂದ ಒಳಗಿತ್ತು, ಒಂದು ಗೇಣೂ ಹೋಗಲಿಲ್ಲ. ಆದ್ದರಿಂದ ಪರಿಹಾರವೂ ಇಲ್ಲ.

ಅಳತೆಗೆ ಬಂದ ಅಧಿಕಾರಿ ಬಾವಿಯ ಕಟ್ಟೆಯ ಮೇಲೆ ಕಾಲಿಟ್ಟು, "ಇದು ಯಾರದು?" ಎಂದು ಕೇಳಿದರು.

"ಇಬ್ರುದ್ದೂ ಸಾ," ಎಂದರು ನನ್ನ ಗಂಡ.

"ಪಹಣಿಯಲ್ಲಿ ನಿಮ್ಮೊಬ್ಬರ ಹೆಸರಿದೆ. ಇಬ್ಬರದು ಅಂದರೆ ತಕರಾರು ಅಂತ ಬರೀಬೇಕಾಗುತ್ತೆ. ಆಮೇಲೆ ದುಡ್ಡು ಕೋರ್ಟಿಗೆ ಹೋಗಿ ಕೂತ್ಕೊಳ್ಳುತ್ತೆ. ಯೋಚನೆ ಮಾಡಿ."

ನನ್ನ ಗಂಡ ಬಾಯಿ ತೆರೆಯುವ ಮೊದಲೇ ಹಿಂದೆ ನಿಂತಿದ್ದ ಮೈದುನ, "ನಂದೇನೂ ಇಲ್ಲ ಸಾ. ಬಾವಿ ಅಣ್ಣುಂದೇಯ, ಬರ್ಕಳಿ," ಎಂದುಬಿಟ್ಟ. ಹೇಳಿದವನೇ ತಲೆಗೆ ಟವಲು ಸುತ್ತಿಕೊಂಡು ತನ್ನ ಹೊಲದ ಕಡೆ ಹೊರಟುಹೋದ.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಅವನು ವಿಶ್ವಾಸದಿಂದ ಹಾಗೆ ಹೇಳಿದನೋ, ಮುನಿಸಿನಿಂದಲೋ ತಿಳಿಯಲಿಲ್ಲ. ಬಾವಿಯ ಹತ್ತಿರ ಎದುರಾದರೆ "ಸೊಪ್ಪಿಗ್ ಬಂದ್ರಾ ಅತ್ಗೆ?" ಎನ್ನುತ್ತಿದ್ದ, ಅಷ್ಟೇ. ಅವನ ಹೆಂಡತಿ ಮಾತ್ರ ನಮ್ಮ ಮನೆಗೆ ಬರುವುದನ್ನು ಕಡಿಮೆ ಮಾಡಿದಳು. ಊರಿನಲ್ಲಿ ಯಾರೋ, "ಅವರಿಗೇನು, ಬಾವಿಗೂ ಸೇರಿಸಿ ದುಡ್ಡು ಬತ್ತದೆ," ಎಂದದ್ದು ಕಿವಿಗೆ ಬಿತ್ತು.

ಹಣ ಬಂತು. ನಾವು ಅಂದುಕೊಂಡದ್ದಕ್ಕಿಂತ ಕಡಿಮೆಯೇನಿರಲಿಲ್ಲ. ಆದರೆ ಯಂತ್ರ ಬಂದು ಬಾವಿಗೆ ಮಣ್ಣು ತುಂಬತೊಡಗಿದಾಗ ನನ್ನ ಗಂಡ ಅಲ್ಲಿ ನಿಲ್ಲಲಾರದೆ ಮನೆಗೆ ಬಂದು ಗೋಡೆಗೊರಗಿ ಕುಳಿತರು. ಉಳಿದ ಜಮೀನಿನಲ್ಲಿ ಮರುವಾರವೇ ಬೋರ್ ಕೊರೆಸಿದೆವು. ಬರೀ ಬಿಳಿ ಧೂಳು ಎದ್ದು ಹಿಪ್ಪುನೇರಳೆ ಎಲೆಯ ಮೇಲೆಲ್ಲ ಕುಳಿತಿತು. ಆ ಬೆಳೆಗೆ ರೇಷ್ಮೆಹುಳುವಿನ ಮೊಟ್ಟೆ ತರಲೇ ಇಲ್ಲ. ಹುಳುಮನೆ ಖಾಲಿ ಬಿತ್ತು.

ಹೀಗಿರುವಾಗಲೇ ಒಬ್ಬಳು ಹುಡುಗಿ ಬಂದಳು. ಜಮೀನು ಕಳೆದುಕೊಂಡವರಿಗೆ ಸಿಕ್ಕ ಪರಿಹಾರ ತೃಪ್ತಿ ತಂದಿದೆಯೇ ಎಂದು ಮನೆಮನೆಗೂ ಹೋಗಿ ಕೇಳುವುದು ಅವಳ ಕೆಲಸ. ನನ್ನ ಗಂಡ, "ಸರ್ಕಾರ ಮೋಸ ಮಾಡಿಲ್ಲ ಕಣವ್ವ, ತೃಪ್ತಿ ಅಂತ್ಲೇ ಬರ್ಕೊ," ಎಂದರು. ಅವಳು ನನ್ನ ಕಡೆ ತಿರುಗಿದಳು. ನೀರಿನ ಮಾತು ಹೇಳಿದೆ. ಹೇಳುತ್ತಾ ಹೋದಂತೆ ಮೈದುನನ ತೋಟ ಬಾಡುತ್ತಿರುವುದನ್ನೂ ಹೇಳಿದೆ. "ಅವರೂ ಜಮೀನು ಕೊಟ್ಟಿದ್ದಾರಾ ಅಮ್ಮ?" ಎಂದು ಕೇಳಿದಳು. ಇಲ್ಲವೆಂದೆ. ಹಾಗಾದರೆ ಅವರನ್ನು ಕೇಳುವ ಹಾಗಿಲ್ಲ ಎಂದು ಎದ್ದಳು.

ಅವಳು ಹೋದ ಮೇಲೆ ಗಂಡನ ಮುಂದೆ ಅಂದೆ: "ನಡೀರಿ, ಅವನ ಮನೆಗೆ ಹೋಗೋಣ."

"ಯಾವ ಮಕ ಇಟ್ಕಂಡು ಓಗಾದು?"

ಆದರೂ ಹೋದೆವು. ನೀರು ತೋರಿಸುವವನು ಮೈದುನನ ಹೊಲದ ಮೂಲೆಯಲ್ಲಿ ಸೆಲೆ ಇದೆಯೆಂದು ಮೊದಲೇ ಹೇಳಿದ್ದ. ಬಂದ ಹಣದಲ್ಲಿ ಅಲ್ಲಿ ಬೋರ್ ಕೊರೆಸುತ್ತೇವೆ, ನೀರು ಇಬ್ಬರಿಗೂ ಇರಲಿ ಎಂದು ನನ್ನ ಗಂಡ ತಲೆ ಬಗ್ಗಿಸಿಕೊಂಡೇ ಹೇಳಿದರು. ಮೈದುನ ಕೇಳಿಸಿಕೊಂಡು ನಕ್ಕ. "ನನ್ನ ಒಲದಲ್ಲಿ ಕೊರೆಸುದ್ರೆ ಕರೆಂಟು, ಪತ್ರ ಎಲ್ಲ ನನ್ನೆಸ್ರಿಗೇ ಆಯ್ತದೆ ಕಣಣ್ಣ. ನಾಳೆ ನಾನು ನಂದೇ ಅಂದ್ಬುಟ್ರೆ ಏನ್ ಮಾಡೀಯೆ?"

"ನೀನು ಅಂಗನ್ನಲ್ಲ ಬಿಡ್ಲಾ. ಪತ್ರಗಿತ್ರ ಏನೂ ಬ್ಯಾಡ."

ಗಂಡಸರ ಮಾತಿನ ನಡುವೆ ಬಾಯಿ ಹಾಕಿದವಳಲ್ಲ ನಾನು. ಆದರೂ ಅಂದುಬಿಟ್ಟೆ: "ಬೇಕು. ಬರೆಸಿಬಿಡಿ. ನೀವಿಬ್ಬರೂ ಮಾತಿಗೆ ತಪ್ಪುವುದಿಲ್ಲ. ನಿಮ್ಮ ಮಕ್ಕಳು ಈ ಮಾತು ಕೇಳಿಸಿಕೊಂಡಿಲ್ಲವಲ್ಲ."

ಮೈದುನನ ಹೆಂಡತಿ ಎದ್ದು ಒಳಗೆ ಹೋದಳು. ಮುಗಿಯಿತು, ಇದ್ದ ಸಂಬಂಧವನ್ನೂ ಕೆಡಿಸಿದೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಅವಳು ಕಾಫಿ ಲೋಟಗಳೊಂದಿಗೆ ಬಂದು, ಗಂಡನ ಮುಖ ನೋಡದೆ, "ಅಕ್ಕ ಏಳೋದು ಸರಿಯಾಗೇ ಅದೆ. ಅವತ್ತು ಅಳತೆಯೋರ ಮುಂದೂ ನೀವು ನಂದೇನೂ ಇಲ್ಲ ಅಂದ್ಬುಟ್ಟು ಬಂದ್ರಿ. ಎಷ್ಟ್ ದಿನ ನಿದ್ದೆ ಮಾಡಿಲ್ಲ ನಾನು," ಎಂದಳು. ನನ್ನ ಹಾಗೆಯೇ ಇನ್ನೊಬ್ಬಳೂ ಹೆದರಿ ಕಾಲ ಕಳೆದಿದ್ದಳೆಂದು ಆಗ ಗೊತ್ತಾಯಿತು.

ಕೊಳ್ಳೇಗಾಲಕ್ಕೆ ಹೋಗಿ ಕರಾರು ಬರೆಸಿದೆವು. ಬೋರಿನಲ್ಲಿ ನೀರೂ ಬಿತ್ತು, ಬಾವಿಯಷ್ಟಲ್ಲ. ಒಂದು ತೋಟ ನೆನೆಯುವಷ್ಟರಲ್ಲಿ ನೀರು ತಗ್ಗಿ ಮೋಟರಿನ ಸದ್ದು ಬದಲಾಗುತ್ತದೆ. ಎರಡು ಮನೆಯವರೂ ಈಗ ಮೊಟ್ಟೆ ತರುವ ಮುಂಚೆ ಕೂತು ಮಾತಾಡಿ, ಇರುವ ನೀರಿಗೆ ತಕ್ಕಷ್ಟೇ ಹುಳು ಸಾಕುತ್ತೇವೆ. ಬೇಸಿಗೆ ಹತ್ತಿರವಾದಾಗ ಮೈದುನನ ಹೆಂಡತಿಯೂ ನಾನೂ ಹೊಲದ ಮೂಲೆಗೆ ಹೋಗಿ ಪೈಪಿಗೆ ಕೈಯೊಡ್ಡಿ ನಿಲ್ಲುತ್ತೇವೆ. ನೀರಿನ ರಭಸ ನಿನ್ನೆಯಷ್ಟೇ ಇದೆಯೋ, ಕಡಿಮೆಯಾಯಿತೋ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತೇವೆ.