ಬಿಸಿನೀರಿನ ಊರಿಗೆ ಹೋಗಿ ಬಂದದ್ದು

ಬಾಣಂತನದಲ್ಲಿ ನನ್ನ ಮೊಣಕಾಲುಗಳು ಹಿಡಿದುಕೊಂಡವು. ಕೂಸೂ ಉಳಿಯಲಿಲ್ಲ. ನಮ್ಮವರು ಆಗ ಜಪಾನಿನ ಕೋಬೆಯಲ್ಲಿ ರೇಷ್ಮೆ ಬಟ್ಟೆಯ ವ್ಯಾಪಾರ ಮಾಡುತ್ತಿದ್ದರು. ಹುಣಸೂರಿನ ಹಕೀಮರು ಕೈಚೆಲ್ಲಿದ ಸುದ್ದಿ ತಿಳಿದು ಊರಿಗೆ ಬಂದರು.

"ಅಲ್ಲಿ ನೆಲದೊಳಗಿಂದ್ಲೇ ಬಿಸಿನೀರು ಉಕ್ಕುತ್ತೆ ಕಣೆ. ಹೊರಿಸ್ಕೊಂಡು ಬಂದೋರು ನಡ್ಕೊಂಡು ಹೋಗ್ತಾರಂತೆ" ಎಂದರು. ಅಮ್ಮ ಬೇಡವೆಂದು ಅತ್ತರೂ ಕೇಳದೆ ನನ್ನನ್ನು ಹಡಗು ಹತ್ತಿಸಿದರು.

ಬಿಸಿನೀರಿನ ಊರು ಬೆಟ್ಟದ ಮೇಲಿತ್ತು. ದಾರಿಯಲ್ಲಿ ಒಂದು ದೊಡ್ಡ ಸರೋವರ. ಆಚೆ ದಡದ ಹಿಮದ ಬೆಟ್ಟ ನೀರಿನಲ್ಲಿ ತಲೆಕೆಳಗಾಗಿ ನಿಂತಿತ್ತು. ಜನ ನಗುತ್ತಾ ಮೆಟ್ಟಿಲಿಳಿದು ದೋಣಿಗಳತ್ತ ಹೋಗುತ್ತಿದ್ದರು. ನಮ್ಮವರು ನನ್ನನ್ನು ಮೇಲೆಯೇ ಒಂದು ಬೆಂಚಿನ ಮೇಲೆ ಕೂರಿಸಿ, "ವಾಪಸ್ ಬರೋವಾಗ ನೀನೇ ಇಳಿದು ಹೋಗ್ತೀಯ, ನೋಡ್ತಿರು" ಎಂದರು. ನಾನು ಹೂಂ ಎಂದೆ. ಅಷ್ಟು ಚೆಂದದ ನೀರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆದರೂ ಬೇಗ ಅಲ್ಲಿಂದ ಹೊರಟರೆ ಸಾಕೆನಿಸಿತ್ತು.

ಸ್ನಾನದ ಮನೆಯಲ್ಲಿ ಹೆಂಗಸರೆಲ್ಲ ಬೆತ್ತಲೆ ಕೂತಿದ್ದರು. ಪರಪುರುಷರೆದುರು ಸೆರಗು ಸರಿಸದೆ ಬೆಳೆದವಳು ನಾನು. ಹೆಂಗಸರೆದುರಾದರೂ ಹೀಗೆಂದರೆ ಜೀವ ಹೋದಂತಾಯಿತು. ಪರದೆಯಾಚೆಯಿಂದ ಅವರು, "ಇಷ್ಟು ದೂರ ಬಂದಿದೀವಿ. ನನಗೋಸ್ಕರ ಇಳಿ" ಎಂದು ಬೇಡಿಕೊಂಡರು. ಅಲ್ಲಿನ ಕೆಲಸದ ಮುದುಕಿ ನನ್ನ ಬಟ್ಟೆ ಬಿಚ್ಚಿ, ಕಂಕುಳಿಗೆ ಕೈಕೊಟ್ಟು, ಗಂಧಕ ನಾರುವ ನೀರಿಗೆ ಇಳಿಸಿದಳು. ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಸ್ವಲ್ಪ ಹೊತ್ತಿಗೆ ಮೊಣಕಾಲು ಮಡಚಿತು.

"ಮಡಚ್ತು ಕಣ್ರೀ!" ಎಂದು ಕೂಗಿದೆ. ಆಚೆಯಿಂದ ಅವರ ನಗು ಕೇಳಿಸಿತು. ಮಗು ಸತ್ತ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಮೇಲೆ ಬಂದು ಮೈ ಒರೆಸಿಕೊಳ್ಳುವಷ್ಟರಲ್ಲಿ ಕಾಲು ಮತ್ತೆ ಕೊರಡಾಯಿತು. ಮುದುಕಿ ತಿಕ್ಕಿದಳು, ಒತ್ತಿದಳು, ಕೊನೆಗೆ ನನ್ನ ಮುಖ ನೋಡಿ ಕೈಬಿಟ್ಟಳು. ದಿನವೂ ಅದೇ ಆಯಿತು. "ಇವತ್ತು ಹೇಗಿದೆ?" ಎಂದು ಸಂಜೆ ಸಂಜೆ ಕೇಳುತ್ತಿದ್ದ ನಮ್ಮವರು ಆಮೇಲಾಮೇಲೆ ಕೇಳುವುದನ್ನೇ ಬಿಟ್ಟರು. ವಾಪಸು ಬರುವಾಗ ಸರೋವರದ ಹತ್ತಿರ ಬಸ್ಸು ನಿಂತರೂ ಇಬ್ಬರೂ ಇಳಿಯಲಿಲ್ಲ.

ನನ್ನನ್ನು ಹುಣಸೂರಿನಲ್ಲಿ ಅಮ್ಮನ ಹತ್ತಿರ ಬಿಟ್ಟು ಅವರು ಕೋಬೆಗೆ ಹಿಂದಿರುಗಿದರು. ಆಮೇಲೆ ಜಪಾನಿನ ಮೇಲೆ ಯುದ್ಧ ಶುರುವಾಯಿತು. ಇದ್ದಾರೆಂದೂ ಇಲ್ಲವೆಂದೂ ಸುದ್ದಿ ಬರಲಿಲ್ಲ. ಯಾರನ್ನು ಕೇಳಬೇಕೆಂದು ನಮಗೆ ಗೊತ್ತಿರಲೂ ಇಲ್ಲ. ಬೆಳಗಾದರೆ ಅಮ್ಮ ನನ್ನನ್ನು ಎತ್ತಿ ಗೋಡೆಗೆ ಒರಗಿಸುತ್ತಾಳೆ. ಈಚೆಗೆ ಅವಳ ಸೊಂಟವೂ ನೋಯುತ್ತದೆ. ನಡುವೆ ಒಮ್ಮೆ ನಿಂತು, ಉಸಿರು ತೆಗೆದುಕೊಂಡು, ಮತ್ತೆ ಎತ್ತುತ್ತಾಳೆ.