ಜಿಗಿಯುವ ಗಾಲಿ ಮತ್ತು ನನ್ನ ಕಾಲು

ನಮ್ಮ ಕಾರು ಜಿಗಿಯಲು ಶುರು ಮಾಡಿದ್ದು ಕಳೆದ ಸುಗ್ಗಿಗೆ ಸ್ವಲ್ಪ ಮುಂಚೆ. ನಿಂತಲ್ಲಿಂದ ಹೊರಡುವಾಗ, ಅದೂ ದಿಬ್ಬವಿದ್ದರೆ ಅಥವಾ ಜಲ್ಲಿ ಚೆಲ್ಲಿದ್ದರೆ, ಮುಂದಿನ ಗಾಲಿಗಳು ದಬದಬ ನೆಲಕ್ಕೆ ಗುದ್ದುತ್ತಿದ್ದವು. ಸ್ಟೇರಿಂಗ್ ಕೈಯಲ್ಲಿ ನಡುಗುತ್ತಿತ್ತು, ಡ್ಯಾಶ್‌ಬೋರ್ಡಿನ ಗಣಪ ಮಗುಚಿ ಬೀಳುತ್ತಿದ್ದ. ಒಮ್ಮೆ ವೇಗ ಸಿಕ್ಕಿತೆಂದರೆ ಏನೂ ಆಗಿಲ್ಲವೆಂಬಂತೆ ಹೋಗುತ್ತಿತ್ತು. ಓಡಿಸುತ್ತಿದ್ದವಳು ನಾನು. ಹಾಗಾಗಿ ಮನೆಯಲ್ಲಿ ತಪಾಸಣೆ ಬೇಗ ಮುಗಿಯಿತು.

"ನಿನ್ನ ಕಾಲು ಹದದಾಗಿಲ್ಲ. ಕ್ಲಚ್ ಗಪ್ಪಂತ ಬಿಡ್ತಿ," ಎಂದರು ನನ್ನ ಗಂಡ.

ನಾನು ತಂಬ್ರಹಳ್ಳಿಯಲ್ಲಿ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಮನೆ ಕೊಟ್ಟೂರಿನಲ್ಲಿ. ಬಸ್ಸಿಗೆ ಹೋದರೆ ಹಗರಿಬೊಮ್ಮನಹಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯಬೇಕು. ಅತ್ತ ಲ್ಯಾಬಿನಲ್ಲಿ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರು ನನಗಾಗಿ ಕಾಯಬೇಕು. ನಡುವಯಸ್ಸಿನಲ್ಲಿ ಕಾರು ಕಲಿತದ್ದು ಅದಕ್ಕೆ. ಕಲಿತ ಮೇಲೆ ಇನ್ನೊಂದು ಕಾರಣ ಸೇರಿಕೊಂಡಿತು. ಬೆಳಿಗ್ಗೆ ಕಿಟಕಿ ಇಳಿಸಿಕೊಂಡು ಒಬ್ಬಳೇ ಹೋಗುವ ಆ ದಾರಿ ನನಗೆ ಬಹಳ ಇಷ್ಟ. ಅಷ್ಟು ಹೊತ್ತು ಯಾರೂ ನನ್ನನ್ನು ಚಹಾ ಕೇಳುವುದಿಲ್ಲ.

ಹರಪನಹಳ್ಳಿಯಲ್ಲಿರುವ ಮೈದುನ ಆ ಕಾರಿನ ಮೇಲೆ ಕಣ್ಣಿಟ್ಟಿದ್ದ. "ಅತ್ಗೆ, ನಿಮ್ಗ್ಯಾಕೆ ಈ ತಾಪತ್ರಯ? ಸುಗ್ಗಿ ಮುಗಿದ್ಮೇಲೆ ನಾನು ತಗಂಡು ಹೋಗ್ತೀನಿ ಬಿಡಿ," ಎಂದಿದ್ದ. ಗಂಡ ಹೂಂ ಅಂದುಬಿಟ್ಟಿದ್ದರು. ನನ್ನನ್ನು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ.

ನಮ್ಮ ಕಡೆ ಸುಗ್ಗಿಯಲ್ಲಿ ಟಾರು ರಸ್ತೆಯೇ ಕಣ. ಹುರುಳಿ, ರಾಗಿ, ನವಣೆ ಎಲ್ಲವನ್ನೂ ರಸ್ತೆಗೆ ಹಾಸುತ್ತಾರೆ. ಹೋಗಿಬರುವ ವಾಹನಗಳು ತುಳಿದು ಕಾಳು ಉದುರಿಸಿಕೊಡುತ್ತವೆ. ಹೊಟ್ಟೆ ಕೆಳಗಾದ ಕಾರಿಗೆ ಬಳ್ಳಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಇಲ್ಲಿ ಕಾರಿಗೆ ಯಾವ ಕಾಯಿಲೆ ಬಂದರೂ ಮೊದಲ ಔಷಧಿ ಒಂದೇ: ಮುಂದಿನ ಸ್ಪ್ರಿಂಗಿನ ಸುರುಳಿಗಳ ನಡುವೆ ದಪ್ಪ ರಬ್ಬರ್ ತುರುಕಿ ಮೂತಿ ಎತ್ತುವುದು. ಸಸ್ಪೆನ್ಷನ್ ಬಿಗಿಯಾಯಿತು, ಕಾರು ಎತ್ತರವೂ ಆಯಿತು ಎಂಬ ಲೆಕ್ಕ. ಗಂಡನೂ ಅದನ್ನೇ ಮಾಡಿಸಿಕೊಂಡು ಬಂದರು. ಕಾರು ಆಕಾಶ ನೋಡುತ್ತ ನಿಂತಿತು. ಜಿಗಿತ ಮಾತ್ರ ಇನ್ನೂ ಹೆಚ್ಚಾಯಿತು.

"ಇಷ್ಟು ಬಿಗಿ ಮಾಡಿಸಿದ್ರೂ ಜಿಗೀತೈತಿ ಅಂದ್ರ, ಮತ್ತೇನು ಹೇಳ್ಲಿ?" ಎಂದು ಅವರು ಮತ್ತೆ ನನ್ನ ಕಾಲಿನ ಕಡೆ ನೋಡಿದರು.

ಮೈ ಉರಿದುಹೋಯಿತು. ರಕ್ತ ತೆಗೆಯದೆ ಕಾಯಿಲೆ ಹೇಳುವವರನ್ನು ಕಂಡರೆ ನನಗೆ ಮೊದಲೇ ಆಗದು. ಕಾರಿನಲ್ಲಿ ಕೂತವರೆಲ್ಲ ನನ್ನ ಕಾಲನ್ನು ನೋಡಿದ್ದರು. ಕೆಳಗಿಳಿದು ಗಾಲಿಯನ್ನು ನೋಡಿದವರು ಒಬ್ಬರೂ ಇರಲಿಲ್ಲ.

ಒಂದು ಭಾನುವಾರ ಗಂಡನನ್ನು ಕೋಗಳಿ ಕಡೆಯ ರಸ್ತೆಗೆ ಕರೆದುಕೊಂಡು ಹೋದೆ. ಅಲ್ಲಿ ಹುರುಳಿ ಹಾಸಿದ್ದರು. "ನೀವು ಓಡಿಸ್ರಿ, ನಾ ಕೆಳಗ ನಿಂತು ನೋಡ್ತೀನಿ," ಎಂದೆ. ಅವರು ಮಲಗಿದ ಕೂಸನ್ನು ತೊಟ್ಟಿಲಿಗೆ ಇಳಿಸುವವರ ಹಾಗೆ ನಾಜೂಕಾಗಿ ಕ್ಲಚ್ ಬಿಟ್ಟರು. ಗಾಲಿ ಹೊಟ್ಟಿನ ಮೇಲೆ ಜಾರಿತು, ಟಾರು ಕಚ್ಚಿತು, ಮತ್ತೆ ಜಾರಿತು. ದಬದಬದಬ. ನಾನು ಕುಕ್ಕರಗಾಲಿನಲ್ಲಿ ಕೂತು ನೋಡಿದೆ. ಗಾಲಿ ಮೇಲೆ ಕೆಳಗೆ ಜಿಗಿಯುವುದಷ್ಟೇ ಅಲ್ಲ, ಅಲುಗಾಡುವ ಹಲ್ಲಿನ ಹಾಗೆ ಹಿಂದೆ ಮುಂದೆಯೂ ಆಡುತ್ತಿತ್ತು. ಹುರುಳಿ ತಿರುವಿ ಹಾಕುತ್ತಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

"ಹೊಟ್ಟು ಐತಿ, ಜಾರ್ತೈತಿ," ಎಂದರು ಗಂಡ.

"ಹೊಟ್ಟಿಲ್ಲದ ಕಡಿ ಮಾಡ್ರಿ."

ಮುಂದಿನ ಬರಿಯ ದಿಬ್ಬದಲ್ಲಿ ಮಾಡಿದರು. ಅಲ್ಲೂ ಜಿಗಿಯಿತು. ತಾವು ಓಡಿಸಿದಾಗಲೂ ಜಿಗಿಯಿತೆಂದು ಮನೆಗೆ ಬಂದ ಮೇಲೆ ಅವರು ಯಾರಿಗೂ ಹೇಳಲಿಲ್ಲ.

ಮರುದಿನ ರಜೆ ಹಾಕಿ ಕೊಟ್ಟೂರಿನ ಗ್ಯಾರೇಜಿಗೆ ನಾನೇ ಹೋದೆ. ಕಂಡದ್ದನ್ನು ಹೇಳಿದೆ. ಮೆಕ್ಯಾನಿಕ್ ಗಾಲಿಯನ್ನು ಹಿಡಿದಿರುವ ಕೆಳಗಿನ ತೋಳಿಗೆ, ಅಂದರೆ ಆರ್ಮ್‌ಗೆ, ಕಬ್ಬಿಣದ ಸಲಾಕೆ ಕೊಟ್ಟು ಮೀಟಿದ. ಅದು ಸಲೀಸಾಗಿ ಹಿಂದಕ್ಕೆ ಹೋಯಿತು. ಕೀಲಿನಲ್ಲಿ ಅದನ್ನು ಅಲುಗದಂತೆ ಹಿಡಿಯುವ ರಬ್ಬರ್ ಬಳೆ, ಅಂದರೆ ಬುಷ್, ಸೀಳಿ ಪುಡಿಯಾಗಿತ್ತು. ಗಾಲಿ ನೆಲ ಕಚ್ಚಿ ಎಳೆದಾಗ ಆರ್ಮ್ ಸರಿಯುತ್ತದೆ, ಟೈರು ಜಾರಿದಾಗ ಅದು ಹಿಂದಕ್ಕೆ ಬಂದು ಬಡಿಯುತ್ತದೆ, ಮತ್ತೆ ಕಚ್ಚುತ್ತದೆ. ಜಿಗಿತ ಅಂದರೆ ಇಷ್ಟೇ. ಸಡಿಲವಾಗಿದ್ದು ಒಂದು ಕಡೆ, ನಾವು ಬಿಗಿ ಮಾಡಿಸಿದ್ದು ಇನ್ನೊಂದು ಕಡೆ. ಮೂತಿ ಎತ್ತಿದ್ದರಿಂದ ಆರ್ಮ್ ಇನ್ನಷ್ಟು ಇಳಿಜಾರಾಗಿ ಉಳಿದ ರಬ್ಬರನ್ನೂ ತಿರುಚಿತ್ತು.

"ಮೊದ್ಲು ಸ್ಪ್ರಿಂಗಿನ ರಬ್ಬರ್ ತಗೀರಿ, ಓಡಿಸಿ ನೋಡೋಣು. ಆಮೇಲೆ ಬುಷ್," ಎಂದೆ. ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಆತ ಗೊಣಗಿಕೊಂಡೇ ಮಾಡಿದ. ಸ್ಪ್ರಿಂಗಿನ ರಬ್ಬರ್ ತೆಗೆದಾಗ ಜಿಗಿತ ತಗ್ಗಿತು, ಹೋಗಲಿಲ್ಲ. ಎರಡೂ ಬದಿಗೆ ಗಟ್ಟಿ ಬುಷ್ ಹಾಕಿದ ಮೇಲೆ ಪೂರಾ ಹೋಯಿತು.

ಮುಂದಿನ ಭಾನುವಾರ ಅದೇ ದಿಬ್ಬ. ಗಂಡ ಪಕ್ಕದಲ್ಲಿ ಕೂತಿದ್ದರು. ನಾನು ಬೇಕೆಂದೇ ಕ್ಲಚ್ಚನ್ನು ಗಪ್ಪನೆ ಬಿಟ್ಟೆ. ಕಾರು ಬಿರುಸಾಗಿ ಹೊರಟಿತೇ ಹೊರತು ಜಿಗಿಯಲಿಲ್ಲ. ಅಷ್ಟರಲ್ಲಿ ಗಂಡನಿಗೆ ಮೈದುನನ ಫೋನು ಬಂತು, ಕಾರು ಯಾವತ್ತು ಒಯ್ಯಲಿ ಎಂದು.

"ಕೊಡಂಗಿಲ್ಲಪಾ," ಎಂದು ಗಂಡ ನಕ್ಕರು. "ನಿಮ್ಮತ್ತಿಗಿ ಕಾಲು ಈಗ ಹದಕ್ಕ ಬಂದೈತಿ."

ಕಾರು ಉಳಿಯಿತೆಂದು ಖುಷಿಪಡುವ ಮೊದಲೇ ಸಿಟ್ಟು ಬಂತು, ಅಳುವೂ ಬಂತು. ಹುರುಳಿ ಹಾಸಿದ ಕಡೆ ಬದಿಗೆ ನಿಲ್ಲಿಸಿದೆ. "ಇಳೀರಿ," ಎಂದೆ. ಗಾಲಿ ನೋಡಲು ಹೇಳಿದೆನೆಂದುಕೊಂಡು ಇಳಿದರು. ಬಾಗಿಲು ಲಾಕ್ ಮಾಡಿ ಕಿಟಕಿಯನ್ನು ಸ್ವಲ್ಪ ಇಳಿಸಿದೆ.

"ಮತ್ತ ಫೋನ್ ಹಚ್ಚ್ರಿ. ಏನು ಕೆಟ್ಟಿತ್ತು, ನೀವು ಓಡಿಸಿದಾಗ ಏನಾತು, ಎಲ್ಲಾ ಹೇಳ್ರಿ."

ಹುರುಳಿ ಬಡಿಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ಗಂಡ ರಸ್ತೆಯ ಆ ಕಡೆ ಈ ಕಡೆ ನೋಡಿದರು. ಬಸ್ಸು ಬರುವ ಲಕ್ಷಣ ಕಾಣಲಿಲ್ಲ. ಕೊನೆಗೆ ಫೋನ್ ಹಚ್ಚಿದರು.

"ಲೇ, ಅದು ಅಕಿ ಕಾಲಿಂದಲ್ಲ. ಬುಷ್ ಹೋಗಿತ್ತು. ನಾ ಓಡಿಸಿದಾಗ್ಲೂ ಜಿಗದಿತ್ತು."

ಮೈದುನ ಏನೋ ಕೇಳಿದ.

"ಕಿವಿ ಕೇಳಂಗಿಲ್ಲೇನಲೇ? ನಾ ಓಡಿಸಿದಾಗ್ಲೂ ಜಿಗದಿತ್ತು ಅಂದೆ!" ಎಂದು ಅವರು ರಸ್ತೆಗೆಲ್ಲ ಕೇಳುವಂತೆ ಕೂಗಿದ ಮೇಲೆ ನಾನು ಬಾಗಿಲು ತೆಗೆದೆ.