ಖಾಲಿ ಕಾರಿನ ಸ್ಪ್ರಿಂಗು

ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಹಾಗಂತ ನನ್ನ ಹಳೇ ಅಂಬಾಸಿಡರ್ ಕಾರಿನ ಒಂದು ನಟ್ಟನ್ನೂ ಇನ್ನೊಬ್ಬರ ಕೈಲಿ ಬಿಗಿಸಿದವನಲ್ಲ. ಹಿರೇನಲ್ಲೂರಿನ ತೋಟದಿಂದ ಕಡೂರಿಗೆ ತೆಂಗಿನಕಾಯಿ ಹೇರುವಾಗ ಹಿಂಭಾಗ ಕುಸಿಯುತ್ತೆ ಅಂತ, ಉಕ್ಕಿನ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ ಹಿಂದಿನ ಸ್ಪ್ರಿಂಗಿಗೆ ಎರಡೂ ಕಡೆ ಒಂದೊಂದು ದಪ್ಪ ಪ್ಲೇಟು ಹೆಚ್ಚಿಗೆ ಸೇರಿಸಿದ್ದೆ. ಡಿಕ್ಕಿಯಲ್ಲಿ ಕಾಯಿಮೂಟೆ ಇದ್ದರೆ ಕಾರು ಆನೆ ನಡೆದಂತೆ ನಡೆಯುತ್ತಿತ್ತು. ಕಾಯಿ ಮಾರಿ ಬರುವಾಗಲೂ ಎರಡು ಮೂಟೆ ಡಿಕ್ಕಿಯಲ್ಲೇ ಉಳಿಸಿಕೊಳ್ಳುತ್ತಿದ್ದೆ; ಮೂಟೆ ಇಲ್ಲದೆ ನಾನು ಓಡಿಸಿದ್ದೇ ಇಲ್ಲ.

ಮಗಳಿಗೆ ಅಜ್ಜಂಪುರದ ಬ್ಯಾಂಕಿಗೆ ವರ್ಗವಾಯಿತು. "ಬಸ್ಸಿಗೆ ಕಾದು ಸಾಕಾಯ್ತಪ್ಪ, ಕಾರು ಕೊಡು" ಅಂದಳು. ಕೊಟ್ಟೆ. ಓಡಿಸೋದು ಕಲಿಸಿದವನೂ ನಾನೇ ತಾನೆ.

ಅವಳು ಹೊರಟ ಮೇಲೆ ಕೊಟ್ಟಿಗೆ ಕಡೆ ಹೋದೆ. ಗೋಡೆಗೆ ಒರಗಿಸಿದ್ದ ಎರಡು ಕಾಯಿಮೂಟೆ ಕಂಡವು. ಕಾರು ಖಾಲಿ ಹೋಗಿದೆ!

ಭಾರವಿಲ್ಲದಿದ್ದರೆ ಆ ಗಡಸು ಸ್ಪ್ರಿಂಗು ಬಗ್ಗೋದಿಲ್ಲ. ಉಬ್ಬು ಸಿಕ್ಕಿದರೆ ಹಿಂದಿನ ಚಕ್ರ ನೆಲ ಬಿಡುತ್ತೆ, ತಿರುವಿನಲ್ಲಾದರೆ ಕಾರೇ ತಿರುಗಿಬಿಡುತ್ತೆ. ಬೀರೂರು ದಾಟಿದ ಮೇಲೆ ಬಯಲು ರಸ್ತೆ, ಯಾರ ಕಾಲಾದರೂ ತಾನಾಗಿ ಆಕ್ಸಿಲರೇಟರ್ ಒತ್ತುತ್ತೆ. ಫೋನು ಮಾಡಿದೆ. ರಿಂಗಾಗುತ್ತಲೇ ಇತ್ತು. ಆ ಸದ್ದಿಗೇ ಅವಳು ಕಣ್ಣು ಹೊರಳಿಸಿದರೆ? ಕಟ್ ಮಾಡಿ ಬೈಕು ಹತ್ತಿದೆ.

ಬೀರೂರು ದಾಟಿದ ಮೇಲೆ ಒಂದು ತಿರುವಿನಲ್ಲಿ ಟೈರು ಎಳೆದ ಕಪ್ಪು ಗುರುತು. ಪಕ್ಕದ ಹಳ್ಳಕ್ಕೆ ಇಣುಕಲು ಧೈರ್ಯ ಬರದೆ ಮೊದಲು ಗುರುತನ್ನೇ ನೋಡಿದೆ. ಜೋಡಿ ಚಕ್ರದ್ದು, ಲಾರಿಯದು. ಆಮೇಲೂ ಇಣುಕಿದೆ. ಬರೀ ಜಾಲಿಗಿಡ.

ಇನ್ನಷ್ಟು ದೂರದಲ್ಲಿ ಹುಣಸೆಮರದ ಕೆಳಗೆ ಕಾರು ನಿಂತಿತ್ತು. ಅವಳು ಇಳಿದು ನೀರು ಕುಡಿಯುತ್ತಿದ್ದಳು.

"ಇದೇನಪ್ಪ ನಿನ್ನ ಗಾಡಿ? ಹಂಪ್ ಹತ್ತಿದ್ರೆ ಹಿಂದುಗಡೆ ಮೇಕೆಮರಿ ಥರ ಪಕ್ಕಕ್ಕೆ ನೆಗೀತದೆ. ಎದುರಿಗೆ ಬಸ್ಸು ಬೇರೆ!"

"ಮೂಟೆ ಯಾಕವ್ವ ಇಳಿಸ್ದೆ?"

"ನಾನೇನು ಸಂತೆಗೆ ಹೋಗ್ತಿದ್ನಾ?"

ಕಾರಿಗೆ ಅಲ್ಲೇ ಬೀಗ ಹಾಕಿದೆ. ಬೈಕಲ್ಲೇ ಅವಳನ್ನು ಬ್ಯಾಂಕಿಗೆ ಬಿಟ್ಟೆ. ಸಂಜೆ ಕಾರನ್ನು ಮೆಲ್ಲಗೆ ಮನೆಗೆ ತಂದೆ.

ಅವಳ ರಜೆಯ ದಿನ ಇಬ್ಬರೂ ಆ ಕಾರಲ್ಲೇ ನಿಧಾನವಾಗಿ ತರೀಕೆರೆಯ ಸ್ಪ್ರಿಂಗ್ ಅಂಗಡಿಗೆ ಹೋದೆವು. ಅಂಗಡಿಯವನು ಬಗ್ಗಿ ನೋಡಿ ನಕ್ಕ. "ಏನ್ ಯಜಮಾನ್ರೇ, ಕಾರಿಗೆ ಲಾರಿ ಸ್ಪ್ರಿಂಗು ಕಟ್ಟಿದ್ದೀರಾ?"

"ಕಾಯಿ ಹೊರಬೇಕಲ್ಲಪ್ಪ. ಈಗ ಮಗಳೂ ಓಡಿಸ್ತಾಳೆ."

"ಕಾಯಿ ಹೊರೋದೋ, ಮಗಳು ಓಡ್ಸೋದೋ? ಎರಡೂ ಒಂದೇ ಕಾರಲ್ಲಿ ಆಗಲ್ಲ ಕಣ್ರೀ. ಯಾವ್ದು ಹೇಳಿ."

ಸ್ಪ್ರಿಂಗು ತೀರಾ ಮೆತ್ತಗಾದರೂ ಭಯವೇ. ಹೈವೇಲಿ ಲಾರಿ ಪಕ್ಕದಲ್ಲೇ ನುಗ್ಗಿದರೆ ಕಾರು ತೊಟ್ಟಿಲಂತೆ ತೂಗುತ್ತೆ. ಕೊನೆಗೆ "ಮಗಳಿಗೆ" ಅಂದೆ. ದಪ್ಪ ಪ್ಲೇಟು ತೆಗೆದು, ಸೋತಿದ್ದ ಹಳೇ ಪ್ಲೇಟುಗಳ ಜಾಗಕ್ಕೆ ಅದೇ ಅಳತೆಯ ಹೊಸವು ಹಾಕಿದೆವು. ಸ್ಪ್ಯಾನರ್ ಮಾತ್ರ ನಾನೇ ಹಿಡಿದಿದ್ದೆ.

ಊರಾಚೆ ಬಂದ ಮೇಲೆ ಅವಳು ಸ್ಟೇರಿಂಗ್ ಹಿಡಿದಳು. ನಾನು ಹಿಂದೆ ಕೂತೆ.

"ಇಳಿಯಪ್ಪ. ನೀನು ಕೂತ್ರೆ ಅದೂ ಭಾರ ತಾನೆ? ನಾಳೆ ನಾನೊಬ್ಳೇ ಹೋಗೋದು."

ಇಳಿದು, ರಸ್ತೆ ಪಕ್ಕದ ಮೈಲಿಕಲ್ಲಿಗೆ ಕೈಯೂರಿ ನಿಂತೆ. ಕಾರು ಹೊರಟಿತು, ನಾನು ಒಪ್ಪದಷ್ಟು ಜೋರಾಗಿ. ಹಂಪ್ ಮೇಲೆ ಹಿಂಭಾಗ ಒಮ್ಮೆ ಕುಗ್ಗಿ, ಒಮ್ಮೆ ಎದ್ದು, ಸುಮ್ಮನಾಯಿತು. ಚಕ್ರ ನೆಲ ಬಿಡಲಿಲ್ಲ. ಆಮೇಲೆ ತಿರುವು. ಕಾರು ಮರೆಯಾಯಿತು. ಬ್ರೇಕಿನ ಸದ್ದು ಬರುತ್ತೇನೋ ಅಂತ ಕಿವಿಗೊಟ್ಟೆ. ಗಾಳಿ ಬಿಟ್ಟರೆ ಏನೂ ಇಲ್ಲ.

ಕಾರು ತಿರುಗಿಸಿಕೊಂಡು ವಾಪಸ್ಸು ಬಂದಳು. ಗಾಜು ಇಳಿಸಿ, "ಹತ್ತಪ್ಪ" ಅಂದಳು. ಒತ್ತಿ ಹಿಡಿದಿದ್ದ ಮೈಲಿಕಲ್ಲಿನಿಂದ ಕೈ ಎತ್ತೋಕೆ ನನಗೆ ಸ್ವಲ್ಪ ಹೊತ್ತು ಬೇಕಾಯಿತು.